ಮೇಸ್ತ್ರಿಯ ಹಲ್ಲಿಗೆ ನೀರು ಹೊಡೆದದ್ದು

ಇಡೀ ಫಜೀತಿಗೆ ಮೂಲ ಡಾಕ್ಟರಮ್ಮ ಆಡಿದ ಒಂದು ಮಾತು. ಪಾಪ, ಆಕೆ ಅದನ್ನು ಆಡಿದ್ದು ಆರು ತಿಂಗಳ ಹಿಂದೆ, ಅದೂ ಕುರ್ಚಿಯಲ್ಲಿ ಬೆವರುತ್ತ ಮಲಗಿದ್ದ ಮೇಸ್ತ್ರಿಗೆ ಸ್ವಲ್ಪ ಸಮಾಧಾನವಾಗಲಿ ಎಂದು.

ಆವತ್ತು ಮೇಸ್ತ್ರಿಯ ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು. ಕೆಳದವಡೆಯ ಹಲ್ಲೊಂದು ಒಳಗಿನಿಂದ ಕೊಳೆತು, ಕೀವು ಬೇರಿನ ತುದಿಗಿಳಿದು, ಅಲ್ಲಿನ ಮೂಳೆಯನ್ನು ಕರಗಿಸಿತ್ತು. ಎಕ್ಸ್‌ರೇಯಲ್ಲಿ ಅದು ತೇವ ಹಿಡಿದ ಗೋಡೆಯ ಕಲೆಯ ಹಾಗೆ ಕಪ್ಪಗೆ ಕಾಣುತ್ತಿತ್ತು. ಡಾಕ್ಟರಮ್ಮ ಬೇರಿನ ಒಳಗನ್ನು ಕೆರೆದರು, ತೊಳೆದರು, ಒಣಗಿಸಿದರು, ಕೊನೆಗೆ ಸಿಮೆಂಟು ತುಂಬುತ್ತೇನೆ ಎಂದರು. ಸಿಮೆಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿಗೆ ಎಲ್ಲಿಲ್ಲದ ಚೈತನ್ಯ ಬಂತು. ಅರ್ಧ ಮರಗಟ್ಟಿದ ಬಾಯಲ್ಲೇ, "ಯಾವ ಸಿಮೆಂಟು ಡಾಕ್ಟ್ರೇ?" ಎಂದು ಕೇಳಿದ.

"ನಿಮ್ಮಲ್ಲಿ ಇರೋ ಹಾಗೆ ನಮ್ಮಲ್ಲೂ ಅದರಲ್ಲಿ ನಾನಾ ನಮೂನೆ ಇದೆ ಮೇಸ್ತ್ರಿ," ಎಂದರು ಡಾಕ್ಟರಮ್ಮ. "ಕೆಲವು ಸಿಮೆಂಟು ಸುತ್ತಲಿನ ಮಾಂಸವನ್ನ ಕೆರಳಿಸ್ತವೆ. ಊತ ಬೇಗ ಇಳಿಯಲ್ಲ, ಮೂಳೆ ಬೆಳೆಯೋಕೂ ಬಿಡಲ್ಲ. ನಾನು ಹಾಕ್ತಿರೋದು ಸಾಧು ಸ್ವಭಾವದ್ದು. ತನ್ನ ಪಾಡಿಗೆ ತಾನು ಕೂತಿರುತ್ತೆ, ಮೂಳೆಗೆ ಬಾ ಬಾ ಅಂತ ಕರೆಯುತ್ತೆ. ನೀವು ಮನೆ ಕಟ್ಟೋ ಸಿಮೆಂಟಿಗೆ ಇದು ದಾಯಾದಿ ಅಂತಲೇ ಅಂದ್ಕೊಳ್ಳಿ. ಇದೂ ಅಷ್ಟೇ, ತೇವ ಇದ್ರೇನೇ ಗಟ್ಟಿಯಾಗೋದು."

ಆಮೇಲೆ ಕೈ ತೊಳೆಯುತ್ತ ಇನ್ನೊಂದು ಮಾತು ಸೇರಿಸಿದರು. "ಆರು ತಿಂಗಳು ಬಿಟ್ಟು ಬನ್ನಿ. ಎಕ್ಸ್‌ರೇ ತೆಗೆದು ನೋಡೋಣ. ಮೂಳೆ ತುಂಬಿಕೊಂಡಿದ್ರೆ ಹಲ್ಲು ಉಳೀತು. ಇಲ್ಲಾಂದ್ರೆ ಕೀಳೋದೇ."

ಕೀಳೋದು ಎಂಬ ಶಬ್ದಕ್ಕೆ ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಮೂರನೇ ಅಂತಸ್ತಿನ ಎತ್ತರದಲ್ಲಿ ಒಂಟಿ ಹಲಗೆಯ ಮೇಲೆ ನಿಂತು ಆರಾಮಾಗಿ ಟೀ ಕುಡಿಯುವ ಗಂಡಸು ಅವನು. ಅವನ ದನಿಗೆ ಕೆಲಸದವರು ಇಟ್ಟ ಹೆಸರು ಗುಡುಗು. ಅವನು ಇಲ್ಲಿ ನಿಂತು "ಗಾರೆ" ಎಂದು ಕೂಗಿದರೆ ಪಕ್ಕದ ಬೀದಿಯಲ್ಲಿ ಬೇರೆ ಯಾರದೋ ಮನೆ ಕಟ್ಟುತ್ತಿದ್ದವರು ಗಾರೆ ತಂದುಕೊಟ್ಟ ಉದಾಹರಣೆ ಇದೆ. ಇಂಥವನು ಇಕ್ಕಳಕ್ಕೆ ಮಾತ್ರ ಮಗುವಿನಂತೆ ಹೆದರುತ್ತಿದ್ದ. ಅದಕ್ಕೂ ಕಾರಣವಿತ್ತು. ಮೊದಲ ಸಲ ಆಸ್ಪತ್ರೆಗೆ ಹೋದಾಗ, ತನಗಿಂತ ಮುಂಚಿನವರ ಕಿತ್ತ ಹಲ್ಲು ತಟ್ಟೆಯಲ್ಲಿ ಬಿದ್ದಿದ್ದನ್ನು ನೋಡಿಬಿಟ್ಟಿದ್ದ. ಮೇಲೆ ಕಾಣುವುದು ಇಷ್ಟೇ ಇಷ್ಟು, ಪಾಯ ಮಾತ್ರ ಅದರ ಎರಡರಷ್ಟು. ಅಷ್ಟು ಆಳದ ಪಾಯವನ್ನು ಕಟ್ಟಡ ನಿಂತಿರುವಾಗಲೇ ಎಳೆದು ತೆಗೆಯುವುದೆಂದರೆ ಏನು ಎಂಬುದು ಬೇರೆಯವರಿಗೆ ಅರ್ಥವಾಗದಿದ್ದರೂ ಒಬ್ಬ ಮೇಸ್ತ್ರಿಗೆ ಅರ್ಥವಾಗುತ್ತದೆ.

ಅಂತೂ ಆ ಆರು ತಿಂಗಳು ಕಳೆದು ಎಕ್ಸ್‌ರೇ ದಿನ ಬಂದೇಬಂತು. ಬೆಳಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು, ಬಾಯಿ ಅಗಲಿಸಿ, ಬೆರಳು ಹಾಕಿ ಹಲ್ಲನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ಅಲ್ಲಾಡದಿದ್ದದ್ದು ಹಲ್ಲಿನ ಗಟ್ಟಿತನವೋ ತನ್ನ ಬೆರಳಿನ ಹೆದರಿಕೆಯೋ ತಿಳಿಯಲಿಲ್ಲ.

"ಒಂದು ಹಲ್ಲಿಗೆ ಇಷ್ಟು ಗೋಳು ಯಾಕ್ರೀ?" ಎಂದಳು ಹೆಂಡತಿ. "ನಂದು ಮೂರು ಕಿತ್ತಿದ್ದಾರೆ. ಸತ್ತುಹೋದ್ನಾ ನಾನು?"

"ನಿನ್ನ ಧೈರ್ಯ ನಂಗೆಲ್ಲಿಂದ ಬರಬೇಕು."

"ಧೈರ್ಯ ಎಲ್ಲಿಂದ ಬಂತು ಅಂದ್ರೆ ನಿಮ್ಮನ್ನ ಕಟ್ಕೊಂಡ ಮೇಲೆ ಬಂತು," ಎಂದು ಆಕೆ ಬುತ್ತಿಯನ್ನು ಕೈಗಿಟ್ಟಳು. "ನನ್ನ ತಮ್ಮನ ಹತ್ರ ಎಲ್ಲಾ ಹೇಳ್ಕೊಂಡು ಅವನ ತಲೆ ತಿನ್ನಬೇಡಿ ಮತ್ತೆ."

ಆಕೆ ಹಾಗೆ ಹೇಳದೇ ಹೋಗಿದ್ದರೆ ಬಹುಶಃ ಮೇಸ್ತ್ರಿ ಹೇಳಿಕೊಳ್ಳುತ್ತಿರಲಿಲ್ಲ.

ಆಗ ಅವರು ಕಟ್ಟುತ್ತಿದ್ದದ್ದು ದೊಡ್ಡ ಟೀಚರ ಮನೆಯ ಮೇಲಂತಸ್ತು. ದೊಡ್ಡ ಟೀಚರು ಎಂದರೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತ್ತೇ ಹೊರತು ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಮೇಲೊಂದು ಕೋಣೆ, ಕೋಣೆಯೊಳಗೊಂದು ಬಚ್ಚಲುಮನೆ ಬೇಕೆಂದು ಅವರ ಆಸೆ. ಹೊರಗೋಡೆ, ತಾರಸಿ ಎಲ್ಲ ಆಗಿತ್ತು. ಇವತ್ತು ಕೋಣೆಗೂ ಬಚ್ಚಲುಮನೆಗೂ ನಡುವಿನ ಗೋಡೆ ಏಳಬೇಕಿತ್ತು.

ಗೋಡೆ ಕಟ್ಟುವವರು ಇಬ್ಬರು ಅಣ್ಣತಮ್ಮಂದಿರು. ಕೈ ಓಟ ಗಾಳಿಯಂತೆ. ಆದರೆ ಅವರದೊಂದು ವ್ರತವಿತ್ತು. ಹಿಂದೊಮ್ಮೆ ಮೇಸ್ತ್ರಿ ಹೇಳುವ ಮೊದಲೇ ಒಂದು ಕಿಟಕಿಗೆ ಜಾಗ ಬಿಟ್ಟು, ವಾರವಿಡೀ ಅವನ ಗುಡುಗು ಕೇಳಿದ್ದರು. ಅಂದಿನಿಂದ ಮೇಸ್ತ್ರಿಯ ಬಾಯಿಂದ ಮಾತು ಬೀಳದೆ ಅವರು ಯಾವ ಗೋಡೆಯಲ್ಲೂ ಒಂದು ಇಲಿ ನುಗ್ಗುವಷ್ಟು ತೂತನ್ನೂ ಬಿಡುತ್ತಿರಲಿಲ್ಲ. ನಕ್ಷೆ ಕಾಗದದ ಮೇಲೆ ಇರಬಹುದು, ಆದರೆ ಅಲ್ಲಿ ಕೆಲಸ ನಡೆಯುತ್ತಿದ್ದದ್ದು ಮೇಸ್ತ್ರಿಯ ಗಂಟಲಿನಿಂದ.

ಮೇಸ್ತ್ರಿ ಬಂದು ನೂಲು ಹಿಡಿದು, ಗೋಡೆಯ ಮೊದಲ ಸಾಲು ಹಾಕಿಸಿ, ಟೀಗೆ ಕೂತ. ಭಾಮೈದ ಪಕ್ಕದಲ್ಲೇ ಪೈಪು ಕುಯ್ಯುತ್ತಿದ್ದ. ಅವನು ಪ್ಲಂಬರು. ಪೇಂಟರು ಕೆಳಗಿನ ಮನೆಯ ಗೋಡೆ ಉಜ್ಜುತ್ತಿದ್ದವನು ಟೀ ವಾಸನೆಗೆ ಮೇಲೆ ಬಂದಿದ್ದ. ಟೈಲ್ಸಿನವನು ಅಳತೆ ತೆಗೆದುಕೊಂಡು ಹೋಗೋಣವೆಂದು ಬಂದವನು ಅಳತೆ ಬಿಟ್ಟು ಬೇರೆಲ್ಲ ಮಾಡುತ್ತಿದ್ದ.

"ಯಾಕೆ ಭಾವ, ಮುಖ ಇಳಿಬಿಟ್ಕೊಂಡಿದ್ದೀರಾ?" ಎಂದ ಭಾಮೈದ.

ಮೇಸ್ತ್ರಿ ಹೇಳಿದ. ಬೇರಿನಿಂದ ಹಿಡಿದು ಇಕ್ಕಳದವರೆಗೆ ಎಲ್ಲವನ್ನೂ ಹೇಳಿದ. ಮನೆ ಕಟ್ಟುವ ಸಿಮೆಂಟಿನ ದಾಯಾದಿ, ತೇವ ಇದ್ದರೇ ಗಟ್ಟಿಯಾಗುವುದು ಎಂದು ಡಾಕ್ಟರಮ್ಮ ಅಂದದ್ದನ್ನೂ ಹೇಳಿದ.

ಭಾಮೈದ ಪೈಪು ಕೆಳಗಿಟ್ಟ. "ಮತ್ತೆ ಕ್ಯೂರಿಂಗ್ ಮಾಡಿದ್ರಾ?"

"ಏನು?"

"ಸಿಮೆಂಟು ಹಾಕಿಸ್ಕೊಂಡ್ರಲ್ಲ ಭಾವ. ನೀರು ಹೊಡೆದ್ರಾ ಅಂತ."

ಮೇಸ್ತ್ರಿಯ ಕೈಯಲ್ಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು. ಸಿಮೆಂಟು ಹಾಕಿದ ಮೇಲೆ ದಿನವೂ ನೀರುಣಿಸಬೇಕು, ಒಂದು ಹೊತ್ತು ಒಣಗಿದರೂ ಬಿರುಕು ಬಿಡುತ್ತದೆ. ಇದನ್ನು ಅವನು ಊರವರಿಗೆಲ್ಲ ಕೂಗಿ ಕೂಗಿ ಹೇಳಿದ್ದ. ನೀರು ಹೊಡೆಯದ ಒಬ್ಬ ಕೆಲಸದವನನ್ನು ಮನೆಗೆ ಕಳಿಸಿಯೂ ಇದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬಂತೆ ತನ್ನ ಬಾಯೊಳಗಿನ ಕೆಲಸಕ್ಕೇ ನೀರು ಕಾಣಿಸಿರಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆರು ತಿಂಗಳು! ಅಷ್ಟು ದಿನ ಒಣಗಿ ನಿಂತ ತಾರಸಿಯನ್ನು ಅವನೇ ಆದರೆ ಒಡೆದು ಹಾಕಿಸುತ್ತಿದ್ದ.

"ಬಾಯಲ್ಲಿ ಎಂಜಲು ಇರುತ್ತಲ್ಲಯ್ಯಾ," ಎಂದ ಕ್ಷೀಣವಾಗಿ.

"ಎಂಜಲು ಯಾವ ಲೆಕ್ಕ? ಅದು ಬರೀ ಇಬ್ಬನಿ," ಎಂದ ಪೇಂಟರು. "ನಂಗನ್ನಿಸೋದು ಒಳಗಡೆ ತೇವ ಇದ್ದಾಗಲೇ ಮೇಲೆ ಮುಚ್ಚಿದ್ದಾರೆ. ಒಳಗಿಂದ ಉಬ್ಬಿ ಬರುತ್ತೆ ನೋಡ್ತಾ ಇರಿ. ಈ ಕೆಳಗಿನ ಗೋಡೇನೂ ಹಾಗೇ ಆಗಿರೋದು."

"ಸುಮ್ನೆ ಹೆದರಿಸಬೇಡ ಅವರನ್ನ," ಎಂದು ಟೈಲ್ಸಿನವನು ಮುಂದೆ ಬಂದ. "ಟೊಳ್ಳಿದ್ಯೋ ಗಟ್ಟಿ ಇದ್ಯೋ ಒಂದು ನಿಮಿಷದಲ್ಲಿ ಹೇಳ್ತೀನಿ. ಬಾಯಿ ತೆಗೀರಿ ಮೇಸ್ತ್ರಿ." ಹಾಸಿದ ಟೈಲ್ಸನ್ನು ತಟ್ಟಿ ಶಬ್ದ ಕೇಳುವಂತೆ, ಕಿಸೆಯಿಂದ ಒಂದು ನಾಣ್ಯ ತೆಗೆದು ಹಲ್ಲಿನ ಮೇಲೆ ಟಕ್ ಟಕ್ ಎಂದು ಬಡಿದ. ಕಿವಿಯನ್ನು ಮೇಸ್ತ್ರಿಯ ಬಾಯಿಗೆ ಹತ್ತಿರ ತಂದು ಕಣ್ಣು ಮುಚ್ಚಿ ಕೇಳಿದ. ಮೂವರೂ ಉಸಿರು ಬಿಗಿಹಿಡಿದರು. "ಪಕ್ಕದ್ದು ಟಣ್ ಅಂತಿದೆ. ಇದು ಸ್ವಲ್ಪ ಡಬ್ ಅಂತಿದೆ," ಎಂದು ತೀರ್ಪು ಕೊಟ್ಟ.

ಮೇಸ್ತ್ರಿಯ ಎದೆ ಕೂಡ ಅದೇ ಶಬ್ದ ಮಾಡಿತು. ಸಂಜೆಯೊಳಗೆ ಏನಾದರೂ ಮಾಡಬೇಕಿತ್ತು.

"ಇನ್ನೂ ಕಾಲ ಮಿಂಚಿಲ್ಲ ಭಾವ," ಎಂದ ಭಾಮೈದ, ಆಪತ್ತಿಗೆ ಆದವನೇ ನೆಂಟ ಎಂಬ ಗತ್ತಿನಲ್ಲಿ. "ಎಕ್ಸ್‌ರೇ ತೆಗೆಯೋದು ಸಂಜೆ ತಾನೆ? ಅಲ್ಲೀವರೆಗೂ ಬಾಯಲ್ಲಿ ನೀರು ನಿಲ್ಲಿಸಿ. ತಾರಸಿ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಲ್ವಾ, ಹಾಗೆ. ನುಂಗಬೇಡಿ, ಮುಕ್ಕಳಿಸಬೇಡಿ, ತಲೆ ಜಾಸ್ತಿ ಅಲ್ಲಾಡಿಸಬೇಡಿ. ನೀರು ಬೆಚ್ಚಗಾದ್ರೆ ಉಗುಳಿ, ನಾನು ತಕ್ಷಣ ಹೊಸದು ಹಾಕ್ತೀನಿ. ಮಧ್ಯೆ ಒಣಗೋಕೆ ಮಾತ್ರ ಬಿಡಬಾರದು."

ಬೇರೆ ದಿನವಾಗಿದ್ದರೆ ಮೇಸ್ತ್ರಿ ಇಂಥ ಮಾತಿಗೆ ನಕ್ಕುಬಿಡುತ್ತಿದ್ದ. ಆದರೆ ತಟ್ಟೆಯಲ್ಲಿ ಬಿದ್ದಿದ್ದ ಆ ಉದ್ದ ಬೇರು ಕಣ್ಣಮುಂದೆ ಬಂತು. ಭಾಮೈದ ತುಂಬಿದ ಚೊಂಬನ್ನು ಎತ್ತಿ ಹಿಡಿದ. ಮೇಸ್ತ್ರಿ ಬಾಯ್ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕೆಲಸಕ್ಕೆ ಎದ್ದ.

ಆ ಕಟ್ಟಡದಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಅಣ್ಣತಮ್ಮಂದಿರು ಎರಡು ಸಲ ಕೆಲಸ ನಿಲ್ಲಿಸಿ ಹಿಂದೆ ತಿರುಗಿ ನೋಡಿದರು. ಮೇಸ್ತ್ರಿಗೆ ಸಿಟ್ಟು ಬಂದಿರಬೇಕು ಎಂದುಕೊಂಡು ಇನ್ನೂ ಬಿರುಸಾಗಿ ಇಟ್ಟಿಗೆ ಇಡತೊಡಗಿದರು.

ಊಟದ ಹೊತ್ತಿಗೆ ಮುಂಚೆ ದೊಡ್ಡ ಟೀಚರು ಮೇಲೆ ಬಂದರು. ಇಷ್ಟು ದಿನ ಅವರು ಏನು ಕೇಳಿದರೂ ಮೇಸ್ತ್ರಿಯಿಂದ ಬರುತ್ತಿದ್ದದ್ದು ಒಂದೇ ಉತ್ತರ, "ಆಗಲ್ಲ ಮೇಡಂ." ಇವತ್ತೂ ಅದನ್ನೇ ನಿರೀಕ್ಷಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು ಶುರುಮಾಡಿದರು.

"ಮೇಸ್ತ್ರಿ, ಈ ಬಚ್ಚಲುಮನೆ ಬಾಗಿಲ ವಿಷಯ. ನಾನು ಮಂಚದ ಮೇಲೆ ಮಲಗಿದ್ರೆ ಎದುರಿಗೇ ಬಚ್ಚಲು ಕಾಣಬಾರದು. ಬಾಗಿಲು ಈ ಕಡೆ ಬೇಡ ಅಂತ ಮೊದಲಿಂದ ಹೇಳ್ತಿದ್ದೀನಿ. ಏನಂತೀರಾ?"

ಬಾಗಿಲಿಗೆ ಇರುವುದೇ ಈ ಒಂದು ಕಡೆ. ಉಳಿದ ಮೂರೂ ಹೊರಗೋಡೆ, ಅಲ್ಲಿ ಬಾಗಿಲಿಟ್ಟರೆ ಕಾಲಿಟ್ಟವರು ನೇರ ಅಂಗಳಕ್ಕೆ ಬೀಳುತ್ತಾರೆ. ಇದನ್ನು ಹೇಳಲು ಮೇಸ್ತ್ರಿಯ ಗಂಟಲು ತುಡಿಯಿತು. ಬಾಯಲ್ಲಿ ಬಿಸಿ ತುಪ್ಪ ಇದ್ದರೆ ನುಂಗೋ ಹಾಗಿಲ್ಲ ಉಗುಳೋ ಹಾಗಿಲ್ಲ ಎನ್ನುತ್ತಾರೆ. ಮೇಸ್ತ್ರಿಗೆ ತಣ್ಣೀರೇ ಆ ಗತಿ ತಂದಿತ್ತು. ತಲೆ ಅಲ್ಲಾಡಿಸಬಾರದೆಂದು ಅಪ್ಪಣೆಯಾಗಿದ್ದರಿಂದ ಅಂಗೈಯನ್ನು ಮುಂದೆ ಚಾಚಿ, ಬೇಡ ಬೇಡ ಎಂದು ತಳ್ಳುವಂತೆ ಬೀಸಿದ.

ಟೀಚರು ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು. "ವಾದ ಮಾಡ್ತಿಲ್ಲ ಇವತ್ತು. ಪರವಾಗಿಲ್ಲ, ಬುದ್ಧಿ ಬಂದಿದೆ," ಎಂದು ಅಣ್ಣತಮ್ಮಂದಿರ ಕಡೆ ತಿರುಗಿದರು. "ಕೇಳಿಸ್ತೇನ್ರಪ್ಪಾ? ಈ ಕಡೆ ಬಾಗಿಲು ಬೇಡ. ನಿಮ್ಮ ಮೇಸ್ತ್ರಿ ಒಪ್ಪಿದ್ದಾರೆ."

ಅವರಲ್ಲಿ ಅಣ್ಣನಾದವನು ಮೇಸ್ತ್ರಿಯ ಮುಖ ನೋಡಿದ. ಗುಡುಗು ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಸರಿ ಬಿಡಿ," ಎಂದು ಬಾಗಿಲಿನ ಜಾಗದಲ್ಲೇ ಇಟ್ಟಿಗೆ ಇಟ್ಟ.

ಮೇಸ್ತ್ರಿ ಓಡಿಹೋಗಿ ಮೂಲೆಯಲ್ಲಿ ನೀರು ಉಗುಳಿದ. ಬಾಗಿಲು ಬಿಡ್ರೋ ಎಂದು ಕೂಗಬೇಕೆಂದು "ಬಾ..." ಎನ್ನುವಷ್ಟರಲ್ಲಿ, ಚೊಂಬು ಹಿಡಿದು ಹಿಂದೆಯೇ ಕಾವಲಿದ್ದ ಭಾಮೈದ ಅವನ ಗದ್ದ ಎತ್ತಿ ಹೊಸ ನೀರು ಸುರಿದೇಬಿಟ್ಟ. "ಒಣಗಬಾರದು ಭಾವ, ಒಣಗಬಾರದು. ನಿಮ್ಮಕ್ಕನಿಗೆ, ಅಲ್ಲಲ್ಲ, ನಮ್ಮಕ್ಕನಿಗೆ ನಾನು ಏನು ಉತ್ತರ ಕೊಡಲಿ ಆಮೇಲೆ?" ಇತ್ತ, ಮೇಸ್ತ್ರಿ "ಬಾ" ಎಂದದ್ದನ್ನು ಕೇಳಿ ಅಣ್ಣತಮ್ಮಂದಿರಿಬ್ಬರೂ ಕರಣೆ ಹಿಡಿದು ಬಂದು ಎದುರಿಗೆ ನಿಂತರು. ಮೇಸ್ತ್ರಿ ಬಾಯಿಯ ಕಡೆ ಬೆರಳು ತೋರಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಊಟಕ್ಕೆ ಬಿಟ್ರು," ಎಂದು ಕೈ ತೊಳೆದುಕೊಂಡು ಹೋದರು.

ಎಲ್ಲರೂ ಊಟ ಮಾಡಿದರು. ಹೆಂಡತಿ ಕೊಟ್ಟ ಬುತ್ತಿಯನ್ನು ಭಾಮೈದ ತಿಂದ. "ಅಕ್ಕನ ಕೈರುಚಿ ಎಷ್ಟು ದಿನ ಆಗಿತ್ತು," ಎಂದು ಬೆರಳು ಚೀಪಿದ. ಮೇಸ್ತ್ರಿ ಎದುರಿಗೆ ಕೂತು, ಬಾಯಲ್ಲಿ ನೀರು ಇಟ್ಟುಕೊಂಡು, ಅದನ್ನು ನೋಡಿದ. ಊಟವಾದ ಮೇಲೆ ಟೈಲ್ಸಿನವನಿಗೆ ಅಳತೆಯ ನೆನಪಾಯಿತು. ಅರ್ಧಕ್ಕೆ ಎದ್ದಿದ್ದ ಗೋಡೆ ದಾಟಿ ಬಚ್ಚಲಿನೊಳಗೆ ಹೋದ. ಅಲ್ಲಿ ನೆರಳು ತಂಪಾಗಿತ್ತು. ಟೈಲ್ಸಿನ ಪೆಟ್ಟಿಗೆಗಳ ಹಿಂದೆ ಸ್ವಲ್ಪ ಕಾಲು ಚಾಚಿದ.

ಊಟದ ಬಲದಿಂದ ಅಣ್ಣತಮ್ಮಂದಿರ ಕೈ ಇನ್ನೂ ಚುರುಕಾಯಿತು. ಮೇಸ್ತ್ರಿ ಅವರನ್ನು ತಡೆಯಲು ಮಾಡದ ಕಸರತ್ತಿಲ್ಲ. ಕೈಯಡ್ಡ ಹಿಡಿದ, ಅವರು ಅವನ ಕೈಗೆ ಇಟ್ಟಿಗೆ ಕೊಟ್ಟರು. ಗಾರೆಯ ಬಾಂಡ್ಲಿಯನ್ನು ಎತ್ತಿ ದೂರ ಇಟ್ಟ, ಗಾರೆ ಸರಿಯಿಲ್ಲವೇನೋ ಎಂದು ಹೊಸದಾಗಿ ಕಲಸಿಕೊಂಡು ಬಂದರು. ಕೊನೆಗೆ ಒಂದು ಇದ್ದಿಲು ಚೂರು ಹುಡುಕಿ ತಂದು, ಎದ್ದುನಿಂತ ಗೋಡೆಯ ಮೇಲೆಯೇ ಆಳೆತ್ತರದ ಒಂದು ಬಾಗಿಲನ್ನು ಬರೆದ. ಚಿಲಕವನ್ನೂ ಬರೆದ.

ಮತ್ತೆ ಮೇಲೆ ಬಂದ ದೊಡ್ಡ ಟೀಚರ ಕಣ್ಣಿಗೆ ಅದು ಬಿತ್ತು. "ಅಯ್ಯೋ, ಪುಸ್ತಕದ ಕಪಾಟಿಗೆ ಗುರುತು ಹಾಕ್ತಿದ್ದೀರಾ? ನಾನೇ ಕೇಳೋಣ ಅಂತಿದ್ದೆ, ನೀವು ಬೈತೀರಾ ಅಂತ ಸುಮ್ನಿದ್ದೆ," ಎನ್ನುವಾಗ ಅವರ ಕಣ್ಣು ಒದ್ದೆಯಾಯಿತು. "ಇಷ್ಟು ಒಳ್ಳೆಯವರು ಅಂತ ಗೊತ್ತಿರಲಿಲ್ಲ ಮೇಸ್ತ್ರಿ. ಸುಮ್ಮನೆ ನಿಮ್ಮನ್ನ ಒರಟು ಅಂದ್ಕೊಂಡಿದ್ದೆ."

ಯಾರಾದರೂ ತನ್ನನ್ನು ಒಳ್ಳೆಯವನು ಎಂದು ಬಾಯಿಬಿಟ್ಟು ಹೇಳಿ ಮೇಸ್ತ್ರಿಗೆ ಬಹಳ ಕಾಲವಾಗಿತ್ತು. ಅವನಿಗೂ ಗಂಟಲು ಕಟ್ಟಿತು. ಬಾಯಲ್ಲಿ ನೀರಿದ್ದಾಗ ಗಂಟಲು ಕಟ್ಟಿದರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಮೂಗಿನಿಂದ ಎರಡು ಹನಿ ಹೊರಬಂದವು, ಟೀಚರು ಅವನ್ನು ಆನಂದಬಾಷ್ಪವೆಂದು ತಿಳಿದು ಇನ್ನಷ್ಟು ಕರಗಿದರು.

ಹೊತ್ತು ಇಳಿಯುವ ಸಮಯಕ್ಕೆ ಗೋಡೆ ತಲೆಗಿಂತ ಮೇಲೇರಿತ್ತು, ತಾರಸಿಗೆ ತಾಗಲು ಎರಡು ಸಾಲು ಮಾತ್ರ ಬಾಕಿ. ಎಲ್ಲೂ ಒಂದು ತೂತಿಲ್ಲ. ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ವಾಲಿಲ್ಲ. ಮೇಸ್ತ್ರಿ ಜೀವಮಾನದಲ್ಲಿ ಕಟ್ಟಿಸಿದ ಅತ್ಯಂತ ನೇರವಾದ ಗೋಡೆ ಅದು. ಅಣ್ಣತಮ್ಮಂದಿರು ಬೆವರು ಒರೆಸಿಕೊಂಡು, ಶಹಬ್ಬಾಸ್ ಬರಬಹುದೆಂದು ಕಾದು ನಿಂತಿದ್ದರು. ಆಗ ಗೋಡೆಯೊಳಗಿನಿಂದ ಒಂದು ಆಕಳಿಕೆ ಕೇಳಿಸಿತು.

ಆಮೇಲೆ ಪೆಟ್ಟಿಗೆ ಎಳೆದ ಸದ್ದು. ಆಮೇಲೆ ಗೋಡೆಯ ಮೇಲಿನ ಸಂದಿಯಲ್ಲಿ ಟೈಲ್ಸಿನವನ ತಲೆ ಮೂಡಿತು. ಕೂದಲ ತುಂಬ ಗಾರೆ ಉದುರಿತ್ತು. ಆ ಕಡೆ ಈ ಕಡೆ ನೋಡಿ, ಬಹಳ ವಿನಯದಿಂದ ಕೇಳಿದ. "ಮೇಸ್ತ್ರಿ, ನಾನು ಬಂದ ದಾರಿ ಎಲ್ಲಿ ಹೋಯ್ತು?"

ಮೇಸ್ತ್ರಿ ತಡೆದುಕೊಳ್ಳಲು ನೋಡಿದ. ಸಿಟ್ಟು, ನಗು, ಹಸಿವು ಮೂರೂ ಒಟ್ಟಿಗೆ ಬಂದರೆ ಯಾವ ಕಟ್ಟೆ ತಡೆದೀತು? ಬಾಯಲ್ಲಿದ್ದ ನೀರೆಲ್ಲ ಫೂತ್ ಎಂದು ಚಿಮ್ಮಿ, ಎದುರಿಗೆ ನಿಂತಿದ್ದ ದೊಡ್ಡ ಟೀಚರ ಕನ್ನಡಕದ ಮೇಲೆ ಬಿತ್ತು. ಬೆಳಗಿನಿಂದ ಅದುಮಿಟ್ಟ ಗುಡುಗು ಅದರ ಹಿಂದೆಯೇ ಬಂತು.

"ಬಾಗಿಲು ಎಲ್ರೋ?"

ಪಕ್ಕದ ಬೀದಿಯ ನಾಯಿಗಳು ಬೊಗಳಿದವು.

ಟೀಚರು ನಿಧಾನಕ್ಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಬಾಗಿಲು ಬೇಡ ಅಂತ ನೀವೇ ಒಪ್ಪಿದ್ರಿ."

"ಎಲ್ಲಿ ಒಪ್ಪಿದೆ ಮೇಡಂ? ಬಾಯಲ್ಲಿ ನೀರಿತ್ತು."

"ನನ್ನ ಸರ್ವೀಸೆಲ್ಲಾ ಮಕ್ಕಳ ನೆಪ ಕೇಳೋದ್ರಲ್ಲೇ ಕಳೆದಿದ್ದೀನಿ. ಇದನ್ನ ಮಾತ್ರ ಇವತ್ತೇ ಕೇಳ್ತಿರೋದು," ಎಂದರು ಟೀಚರು. "ಗೋಡೆ ಒಡೆದು ಬಾಗಿಲು ಇಡಿ. ಆದ್ರೆ ಒಪ್ಪಿಕೊಂಡ ಕಪಾಟನ್ನೂ ಮಾಡಿಕೊಡಿ. ಅದರಲ್ಲಿ ಮಾತು ತಪ್ಪೋ ಹಾಗಿಲ್ಲ."

ಗೋಡೆ ಹಸಿ ಇರುವಾಗಲೇ ಒಡೆಯುವುದು ಸುಲಭ. ಆದರೆ ಗೋಡೆಗೆ ನಿಂತರೆ ಡಾಕ್ಟರಮ್ಮನ ಹೊತ್ತು ಮೀರುತ್ತದೆ, ಬಾಯಿ ಬೇರೆ ಒಣಗುತ್ತಿದೆ. ಅತ್ತ ದರಿ, ಇತ್ತ ಪುಲಿ. ಮೇಸ್ತ್ರಿ ಒಡೆಯುವ ಕೆಲಸವನ್ನು ಅಣ್ಣತಮ್ಮಂದಿರಿಗೆ ಎರಡೆರಡು ಸಲ ಬಾಯಿಬಿಟ್ಟು ಹೇಳಿ, ಭಾಮೈದನ ಬೈಕು ಹತ್ತಿದ. ಒಡೆದ ತೂತಿನಿಂದ ಹೊರಬಂದ ಟೈಲ್ಸಿನವನೂ ಪೇಂಟರೂ ಇನ್ನೊಂದು ಬೈಕಿನಲ್ಲಿ ಹಿಂದೆಯೇ ಬಂದರು. ತಾವು ಬೆಳಗಿನಿಂದ ಇಷ್ಟು ಕಷ್ಟಪಟ್ಟ ಕೆಲಸದ ಫಲ ನೋಡದೆ ಮನೆಗೆ ಹೋಗುವುದು ಹೇಗೆ?

ಡಾಕ್ಟರಮ್ಮ ಎಕ್ಸ್‌ರೇ ತೆಗೆದು, ಕಂಪ್ಯೂಟರಿನ ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಮೇಸ್ತ್ರಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಬಾಗಿಲಲ್ಲಿ ಮೂರು ತಲೆಗಳು ಒಂದರ ಮೇಲೊಂದು ಇಣುಕುತ್ತಿದ್ದವು. ಡಾಕ್ಟರಮ್ಮ ಒಮ್ಮೆ ಅದನ್ನು, ಒಮ್ಮೆ ಇದನ್ನು ದೊಡ್ಡದು ಮಾಡಿ ನೋಡಿದರು.

"ಮೇಸ್ತ್ರಿ," ಎಂದರು ಕೊನೆಗೆ. "ಎಷ್ಟು ಚೆನ್ನಾಗಿ ತುಂಬಿಕೊಂಡಿದೆ ನೋಡಿ. ಬೇರಿನ ತುದಿಯಲ್ಲಿ ಕಪ್ಪು ಇತ್ತಲ್ಲ, ಅದು ಹುಡುಕಿದ್ರೂ ಸಿಗಲ್ಲ ಈಗ. ಊತ ಇಲ್ಲ, ಮೂಳೆ ಒಳ್ಳೇ ಗಟ್ಟಿಮುಟ್ಟಾಗಿ ಬಂದಿದೆ. ಈ ಹಲ್ಲಿಗೆ ಇನ್ನು ಭಯ ಇಲ್ಲ."

ಮೇಸ್ತ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕುರ್ಚಿಯಿಂದಲೇ ಕೈಮುಗಿದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಸಾವಿರ ವರ್ಷವೂ ಅವನ ಮುಖದಲ್ಲಿ ಒಮ್ಮೆಲೇ ಕಾಣಿಸಿತು.

"ಕ್ಯೂರಿಂಗ್ ಚೆನ್ನಾಗಿ ಆಗಿದೆ ಅಂತ ತಾನೆ ಡಾಕ್ಟ್ರೇ?" ಎಂದ ಬಾಗಿಲ ಬಳಿಯಿಂದ ಭಾಮೈದ, ತನ್ನ ಪಾಲಿನ ಕೀರ್ತಿಗೆ ಕೈಚಾಚಿ. ನಡೆದದ್ದನ್ನೆಲ್ಲ ವಿವರಿಸಿದ ಕೂಡ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡು ಹೇಳಿದರು. "ಆ ಸಿಮೆಂಟು ಹಾಕಿದ ಒಂದೆರಡು ದಿನದಲ್ಲೇ ಗಟ್ಟಿಯಾಗಿಹೋಗಿದೆ ಕಣ್ರಪ್ಪಾ. ಅದಕ್ಕೆ ಬೇಕಾಗಿರೋ ತೇವ ಬೇರಿನ ಸುತ್ತಲೇ ಇರುತ್ತೆ. ಬಾಯಲ್ಲಿ ನೀರಿಟ್ಟುಕೊಂಡ್ರೆ ಅಲ್ಲಿಗೆ ಹೋಗೋದೂ ಇಲ್ಲ. ಇವತ್ತು ನೀವು ಮಾಡಿದ್ದಕ್ಕೂ ಈ ಮೂಳೆಗೂ ಏನೂ ಸಂಬಂಧ ಇಲ್ಲ."

"ನಾಣ್ಯ ಬಡಿದಾಗ ಡಬ್ ಅಂತಲ್ಲ?" ಎಂದ ಟೈಲ್ಸಿನವನು, ಬಿಟ್ಟುಕೊಡಲು ಮನಸ್ಸಿಲ್ಲದೆ.

"ಹೊರಗೆ ಕೂತ್ಕೊಳ್ಳಿ," ಎಂದರು ಡಾಕ್ಟರಮ್ಮ.

ಮೇಸ್ತ್ರಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಬಾಗಿಲಿಲ್ಲದ ಗೋಡೆ ಹೋಗಲಿ, ಪುಕ್ಕಟೆ ಕಪಾಟು ಹೋಗಲಿ, ತಿನ್ನದ ಬುತ್ತಿಯೂ ಹೋಗಲಿ, ಹಲ್ಲು ಉಳಿಯಿತಲ್ಲ. ಕುರ್ಚಿಯಿಂದ ಕಾಲು ಕೆಳಗಿಟ್ಟ.

"ಒಂದು ನಿಮಿಷ, ಏಳಬೇಡಿ," ಎಂದು ಡಾಕ್ಟರಮ್ಮ ಅವನ ಹೆಗಲ ಮೇಲೆ ಕೈಯಿಟ್ಟರು. ಪರದೆಯ ಮೇಲೆ ಬೆರಳು ಸ್ವಲ್ಪ ಪಕ್ಕಕ್ಕೆ ಸರಿಯಿತು. "ಈ ಹಲ್ಲಿನ ಹಿಂದೆ ಒಂದು ಬುದ್ಧಿಹಲ್ಲಿದೆ ನೋಡಿ. ಓರೆಯಾಗಿ ವಾಲಿಕೊಂಡು ಇದನ್ನ ತಳ್ತಿದೆ. ಹಾಗೇ ಬಿಟ್ರೆ ಕಷ್ಟಪಟ್ಟು ಉಳಿಸಿದ್ದನ್ನೂ ಕೆಡಿಸುತ್ತೆ. ಅದನ್ನ ಕೀಳಬೇಕು ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು."

ಮೇಸ್ತ್ರಿಯ ಒಂದು ಕಾಲು ನೆಲದ ಮೇಲೆ, ಇನ್ನೊಂದು ಕುರ್ಚಿಯ ಮೇಲೆ ಹಾಗೇ ನಿಂತಿತು. "ಮತ್ತೆ ಆವತ್ತು ಹೇಳಲಿಲ್ಲ?"

"ನೀವು ಮೊದಲೇ ನಡುಗ್ತಿದ್ರಿ. ಅದೂ ಅಲ್ಲದೆ ಆವತ್ತು ಕೀಳೋ ಹಾಗೂ ಇರಲಿಲ್ಲ. ಈ ಹಲ್ಲಿನ ಸುತ್ತ ಮೂಳೆ ಕರಗಿತ್ತಲ್ಲ, ಪಕ್ಕದ್ದನ್ನ ಅಲ್ಲಾಡಿಸೋಕೆ ಹೋದ್ರೆ ಇದೂ ಜೊತೆಗೇ ಬರ್ತಿತ್ತು. ಅದಕ್ಕೇ ಮೂಳೆ ತುಂಬಲಿ ಅಂತ ಕಾದೆ. ಇವತ್ತೂ ತುಂಬದೇ ಇದ್ದಿದ್ರೆ ಬುದ್ಧಿಹಲ್ಲನ್ನ ಮುಟ್ಟೋಕೆ ನಂಗೂ ಧೈರ್ಯ ಬರ್ತಿರಲಿಲ್ಲ. ನಿಮ್ಮ ಅದೃಷ್ಟ, ಇಷ್ಟು ಗಟ್ಟಿಯಾಗಿ ತುಂಬಿದೆ. ಇವತ್ತೇ ಮುಗಿಸಿಬಿಡಬಹುದು. ಏನಂತೀರಾ?"

ಮೇಸ್ತ್ರಿ ಸುಮ್ಮನಾದ. ಆದರೆ ಸುಮ್ಮನಿದ್ದರೆ ಏನಾಗುತ್ತದೆಂಬುದನ್ನು ಅವನು ಇವತ್ತು ಬೆಳಗಿನಿಂದ ಸಂಜೆಯವರೆಗೆ ನೋಡಿದ್ದ. ಸುಮ್ಮನಿದ್ದದ್ದಕ್ಕೇ ಬಾಗಿಲಿಲ್ಲದ ಗೋಡೆ ಎದ್ದಿತ್ತು, ಕಪಾಟು ತಲೆಗೆ ಬಂದಿತ್ತು. ಇನ್ನೊಮ್ಮೆ ಆ ತಪ್ಪು ಮಾಡುವಷ್ಟು ದಡ್ಡನಲ್ಲ ಅವನು. ಈಗ ಬಾಯಲ್ಲಿ ನೀರೂ ಇಲ್ಲ, ಚೊಂಬು ಹಿಡಿದ ಭಾಮೈದನೂ ಹೊರಗೆ ಹೋಗಿದ್ದಾನೆ. ಪಕ್ಕದ ಬೀದಿಗೂ ಕೇಳಿಸುವಂತೆ "ಬೇಡ" ಎಂದು ಕೂಗಿಬಿಡುವುದೆಂದು ತೀರ್ಮಾನಿಸಿ, ಉಸಿರು ಒಳಗೆಳೆದುಕೊಂಡು, ತನ್ನ ಗುಡುಗಿಗೆ ತಕ್ಕಂತೆ ಬಾಯನ್ನು ಎಷ್ಟು ಅಗಲವಾಗಿ ತೆರೆಯಬಹುದೋ ಅಷ್ಟು ಅಗಲವಾಗಿ ತೆರೆದ.

"ಹಾಂ, ಹಾಗೇ ಇರಿ," ಎಂದು ಡಾಕ್ಟರಮ್ಮ ಸಿದ್ಧವಾಗಿದ್ದ ಸೂಜಿಯನ್ನು ಒಳಗಿಟ್ಟರು. "ಎಲ್ಲರೂ ನಿಮ್ಮಷ್ಟು ಧೈರ್ಯವಾಗಿ ಬಾಯಿ ತೆಗೆದ್ರೆ ನಮ್ಮ ಕೆಲಸ ಎಷ್ಟು ಸಲೀಸು."